ಗಂಡನ ಸಂಬಳ ಹೆಚ್ಚಿದ್ದರೂ ಚೈಲ್ಡ್ ಬೆನಿಫಿಟ್ ಅರ್ಜಿ ಏಕೆ?

ಚೈಲ್ಡ್ ಬೆನಿಫಿಟ್, ಅಂದರೆ ಮಕ್ಕಳನ್ನು ಸಾಕುವವರಿಗೆ ಬ್ರಿಟನ್ ಸರ್ಕಾರ ಕೊಡುವ ಭತ್ಯೆಯ ಬಗ್ಗೆ ಅಲ್ಲಿ ನೆಲೆಸಿರುವ ಕನ್ನಡದ ಹೆಣ್ಣುಮಕ್ಕಳು ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆ ಇದು: “ಯಜಮಾನರ ಸಂಬಳ 80,000 ಪೌಂಡ್ ದಾಟಿದೆ, ಬಂದ ಹಣವನ್ನೆಲ್ಲ ತೆರಿಗೆಯಲ್ಲಿ ಮರಳಿ ಕಟ್ಟಬೇಕು, ಮತ್ತೆ ಅರ್ಜಿ ಹಾಕಿ ಏನು ಬಂತು?” ಹಣದ ಮಟ್ಟಿಗೆ ಅವರ ಲೆಕ್ಕ ಸರಿಯಾಗಿಯೇ ಇದೆ. ಆದರೆ ಅದೇ ಅರ್ಜಿಯ ಮೇಲೆ ಅವರ ಸ್ಟೇಟ್ ಪೆನ್ಷನ್ (ಮುಪ್ಪಿನಲ್ಲಿ ಸರ್ಕಾರ ಕೊಡುವ ಪಿಂಚಣಿ) ಕೂಡ ನಿಂತಿದೆ.

ಹನ್ನೆರಡು ವರ್ಷದೊಳಗಿನ ಮಗುವಿಗಾಗಿ ಯಾರ ಹೆಸರಿನಲ್ಲಿ ಚೈಲ್ಡ್ ಬೆನಿಫಿಟ್ ಇದೆಯೋ ಅವರಿಗೆ, ದುಡಿಮೆ ಇಲ್ಲದಿದ್ದರೂ, ನ್ಯಾಷನಲ್ ಇನ್ಶೂರೆನ್ಸ್ ಕ್ರೆಡಿಟ್ ಸಿಗುತ್ತದೆ, ಅಂದರೆ ಪೆನ್ಷನ್ನಿಗೆ ಲೆಕ್ಕವಾಗುವ ವಂತಿಗೆಯನ್ನು ಕಟ್ಟಿದಂತೆಯೇ ದಾಖಲಾಗುತ್ತದೆ. ಪೂರ್ಣ ಪೆನ್ಷನ್ನಿಗೆ ವಂತಿಗೆ ಕಟ್ಟಿದ ಅಥವಾ ಕ್ರೆಡಿಟ್ ಪಡೆದ 35 ವರ್ಷಗಳು ಬೇಕು. ಹತ್ತಕ್ಕಿಂತ ಕಡಿಮೆಯಿದ್ದರೆ ಸಾಮಾನ್ಯವಾಗಿ ಏನೂ ಇಲ್ಲ. 2025-26ರಲ್ಲಿ ಪೂರ್ಣ ಪೆನ್ಷನ್ ವಾರಕ್ಕೆ 230.25 ಪೌಂಡ್ ಆಗಿದ್ದುದರಿಂದ, ಒಂದು ವರ್ಷದ ಕ್ರೆಡಿಟ್ ಕೈಬಿಟ್ಟರೆ ಪೆನ್ಷನ್ ಪಡೆಯುವಷ್ಟು ಕಾಲವೂ ವರ್ಷಕ್ಕೆ ಸುಮಾರು 342 ಪೌಂಡ್ ಖೋತಾ. ತೆರಿಗೆಯ ತಂಟೆ ಬೇಡವೆನ್ನುವವರು ಅರ್ಜಿಯಲ್ಲಿಯೇ ‘ಹಣ ಬೇಡ’ ಎಂದು ತಿಳಿಸಬಹುದು. ಕ್ರೆಡಿಟ್ ಮಾತ್ರ ಬರುತ್ತಿರುತ್ತದೆ.

ನಾನು ಇದನ್ನು ತಡವಾಗಿ ಕಲಿತೆ. ನಮಗೆ ಐ.ಎಲ್.ಆರ್. (ಬ್ರಿಟನ್ನಿನಲ್ಲಿ ಕಾಯಂ ನೆಲೆಸುವ ಅನುಮತಿ) ಸಿಕ್ಕಾಗ ಮಗಳಿಗೆ ಎರಡು ವರ್ಷ. ನಾನು ಅರ್ಜಿ ಹಾಕಿದ್ದು ಅವಳಿಗೆ ಏಳು ತುಂಬಿದ ಮೇಲೆ. ಹಿಂದಿನಿಂದ ಸಿಕ್ಕಿದ್ದು ಮೂರೇ ತಿಂಗಳು, ಏಕೆಂದರೆ ನಿಯಮವೇ ಅಷ್ಟು. ಒಂದು ಸಂಜೆ ಅನ್ನಕ್ಕಿಟ್ಟು ಫೋನಿನಲ್ಲಿ ನನ್ನ ನ್ಯಾಷನಲ್ ಇನ್ಶೂರೆನ್ಸ್ ದಾಖಲೆ ತೆರೆದು ನೋಡಿದರೆ, ಒಂದರ ಕೆಳಗೊಂದರಂತೆ ವರ್ಷಗಳ ಮುಂದೆ ‘ಪೂರ್ಣವಾಗಿಲ್ಲ’ ಎಂದೇ ಬರೆದಿತ್ತು. ಅಂಥ ಒಂದು ವರ್ಷವನ್ನು ಸ್ವಂತ ದುಡ್ಡಿನಿಂದ ತುಂಬಲು 2025-26ರ ದರದಲ್ಲಿ 923 ಪೌಂಡ್ ಆಗುತ್ತದೆ, ಅದೂ ಸಾಮಾನ್ಯವಾಗಿ ಕಳೆದ ಆರು ವರ್ಷಗಳಿಗೆ ಮಾತ್ರ. ಬಿಟ್ಟಿಯಾಗಿ ಬರಬೇಕಾಗಿದ್ದದ್ದು!

ಚೈಲ್ಡ್ ಬೆನಿಫಿಟ್ ಹಣವನ್ನು ಮರಳಿ ಪಡೆಯುವ ಈ ಹೆಚ್ಚಿನ ಆದಾಯದ ತೆರಿಗೆ 2013ರ ಜನವರಿಯಲ್ಲಿ ಬಂದ ಮೇಲೆ ಹೀಗೆ ಅರ್ಜಿಯನ್ನೇ ಹಾಕದೆ ಉಳಿದವರು ಅನೇಕರು. ಅಂಥವರು ಹಳೆಯ ವರ್ಷಗಳ ಕ್ರೆಡಿಟ್ ಕೇಳಲು ದಾರಿ ಮಾಡಿಕೊಡುವುದಾಗಿ ಸರ್ಕಾರ 2023ರಲ್ಲಿ ಪ್ರಕಟಿಸಿತು. ಆ ಭರವಸೆಯನ್ನು ನಂಬಿಕೊಂಡು ಈಗಿನ ಅರ್ಜಿಯನ್ನು ಮುಂದೂಡುವುದು ಮಾತ್ರ ನನಗೆ ಜಾಣತನವಾಗಿ ಕಾಣುವುದಿಲ್ಲ.

ಇನ್ನು, ಅರ್ಜಿ ಯಾರ ಹೆಸರಿನಲ್ಲಿರಬೇಕು? ನಮ್ಮಲ್ಲಿ ಕಾಗದಪತ್ರವೆಲ್ಲ ಗಂಡಸರ ಹೆಸರಿಗೆ ಹೋಗುವುದು ರೂಢಿ. ಆದರೆ ಸಂಬಳದಿಂದಲೇ ವರ್ಷ ತುಂಬಿಸಿಕೊಂಡ ಗಂಡನಿಗೆ ಕ್ರೆಡಿಟ್ ಬಂದರೆ ಅದು ವ್ಯರ್ಥ. ಮನೆಯಲ್ಲಿರುವವರೇ ಅರ್ಜಿದಾರರಾಗಬೇಕು. ಈಗಾಗಲೇ ತಪ್ಪಿದ್ದರೆ ಸಿ.ಎಫ್. 411ಎ ಎಂಬ ಫಾರ್ಮಿನ ಮೂಲಕ ಕ್ರೆಡಿಟ್ ವರ್ಗಾಯಿಸಲು ಕೋರಬಹುದು.

ಒಂದು ಎಚ್ಚರಿಕೆ: ಸಾರ್ವಜನಿಕ ನಿಧಿಯ ನೆರವು ಪಡೆಯುವಂತಿಲ್ಲ ಎಂಬ ಷರತ್ತು ನಿಮ್ಮ ವೀಸಾದಲ್ಲಿದ್ದರೆ ಚೈಲ್ಡ್ ಬೆನಿಫಿಟ್ ಕೇಳಬೇಡಿ, ಅದು ವೀಸಾಗೇ ಕುತ್ತು. ಆ ಷರತ್ತು ತೆಗೆದ ಐ.ಎಲ್.ಆರ್. ಕೈಸೇರಿದ ವಾರವೇ ಅರ್ಜಿ ಹೋಗಲಿ.

ಮುಪ್ಪಿನಲ್ಲಿ ಊರಿಗೆ ಮರಳುವವರಿಗೆ ಈ ಮಾತು ಇನ್ನೂ ಹೆಚ್ಚು ಅನ್ವಯಿಸುತ್ತದೆ. ಭಾರತದಲ್ಲಿ ವಾಸಿಸುವವರಿಗೆ ಬ್ರಿಟನ್ನಿನ ಪೆನ್ಷನ್ ವರ್ಷ ವರ್ಷ ಏರುವುದಿಲ್ಲ. ಮೈಸೂರಿನಲ್ಲಿ ಕುಳಿತು ಮೊದಲ ಕಂತು ಎಷ್ಟು ಪಡೆದಿರೋ ಅಲ್ಲಿರುವವರೆಗೂ ಅಷ್ಟೇ.