ಅಪ್ಪನ ಕಿವಿಗೆ ಮಾತು ಮುಟ್ಟಿಸುವ ಕೆಲಸ

ಧಾರವಾಡ, ರವಿವಾರ, 14 ಜುಲೈ 2024

ಮೂರು ದಿನಗಳಿಂದ ಹಿಡಿದಿದ್ದ ಮಳೆ ಇಂದು ಬೆಳಿಗ್ಗೆ ಹತ್ತರ ಸುಮಾರಿಗೆ ನಿಂತಿತು. ಹಂಚಿನ ಮೇಲೆ ಮಳೆ ಬೀಳುತ್ತಿರುವಾಗ ನಮ್ಮ ಪಡಸಾಲೆಯಲ್ಲಿ ಹೋಮ್ ಥಿಯೇಟರಿನ ಧ್ವನಿಯನ್ನು ಹೊಂದಿಸಲು ಸಾಧ್ಯವೇ ಇಲ್ಲವಾದ್ದರಿಂದ ಈ ಬಿಡುವಿಗಾಗಿಯೇ ಕಾದಿದ್ದೆ.

ಸಿನಿಮಾದಲ್ಲಿ ಪಾತ್ರಗಳು ಆಡುವ ಮಾತು ತಿಳಿಯುವುದಿಲ್ಲವೆಂದು ಅಪ್ಪ ಧ್ವನಿ ಏರಿಸುತ್ತಾರೆ. ಮರುಕ್ಷಣ ಹೊಡೆದಾಟವೋ ಹಾಡೋ ಬಂದಾಗ ಗಾಬರಿಯಿಂದ ಇಳಿಸುತ್ತಾರೆ. ವಯಸ್ಸಾದಂತೆ ಮೊದಲು ಕುಗ್ಗುವುದು ಎತ್ತರದ ಕಂಪನಾಂಕಗಳನ್ನು ಗ್ರಹಿಸುವ ಶಕ್ತಿ, ಮತ್ತು ಸ, ಶ, ಚ ಮೊದಲಾದ ವ್ಯಂಜನಗಳ ಗುರುತು ಇರುವುದು ಆ ಎತ್ತರದಲ್ಲಿಯೇ. ಸ್ವರ ಕೇಳಿಸುತ್ತದೆ, ವ್ಯಂಜನ ಜಾರುತ್ತದೆ. ಯಾರೋ ಮಾತನಾಡುತ್ತಿದ್ದಾರೆಂಬುದು ತಿಳಿದರೂ ಏನೆಂಬುದು ತಿಳಿಯುವುದಿಲ್ಲ. ಇದಕ್ಕೆ ಒಟ್ಟು ಧ್ವನಿಯನ್ನು ಏರಿಸುವುದು ಪರಿಹಾರವಲ್ಲ.

ಐದು ಸ್ಪೀಕರುಗಳೂ ತಗ್ಗು ನಾದಕ್ಕೆಂದೇ ಒಂದು ಸಬ್‌ವೂಫರೂ ಇರುವ 5.1 ವ್ಯವಸ್ಥೆಯಲ್ಲಿ ಮಾತಿನ ಬಹುಭಾಗ ಬರುವುದು ನಡುವಿನ ಸ್ಪೀಕರಿನಿಂದ. ಜೋಡಿಸಿಕೊಟ್ಟವರು ಅದನ್ನು ಟೀವಿಯ ಕೆಳಗಿನ ಶೋಕೇಸಿನ ಒಳಕ್ಕೆ ತಳ್ಳಿ ಇಟ್ಟಿದ್ದರಿಂದ ಮಾತು ಕೊಡದೊಳಗಿಂದ ಬಂದಂತೆ ಗುಂಯ್‌ಗುಡುತ್ತಿತ್ತು. ಅದರ ಮುಖ ಹಲಗೆಯ ಅಂಚಿಗೆ ಸಮವಾಗುವಂತೆ ಎಳೆದು, ಮುಂಭಾಗದ ಅಡಿಗೆ ಎರಡು ರಬ್ಬರ್ ತುಂಡುಗಳನ್ನಿಟ್ಟು, ಅಪ್ಪ ಕೂಡುವ ಕುರ್ಚಿಯಲ್ಲಿ ಕಿವಿ ಇರುವ ಎತ್ತರಕ್ಕೆ ಓರೆ ಮಾಡಿದೆ. ನಂತರ ಶಹಾಬಾದ್ ಪರ್ಶಿಯ ಬರಿ ನೆಲದ ಮೇಲೆ, ಕುರ್ಚಿಗೂ ಟೀವಿಗೂ ನಡುವೆ, ಅವ್ವ ಗಂಟು ಕಟ್ಟಿ ಇಟ್ಟಿದ್ದ ನವಲಗುಂದದ ಜಮಖಾನೆಯನ್ನು ಹಾಸಿದೆ. ಹಿಂದಿನ ಗೋಡೆಗೆ ಒಂದು ದಪ್ಪ ಕೌದಿಯನ್ನೂ ತೂಗುಹಾಕಿದೆ. ಇವು ಡುಬು ಡುಬು ಶಬ್ದವನ್ನು ಹೀರಲಾರವು, ಆದರೆ ಕಲ್ಲಿನಿಂದ ಪುಟಿದು ಬಂದು ವ್ಯಂಜನಗಳನ್ನು ಮಸುಕುಗೊಳಿಸುವ ಪ್ರತಿಫಲನವನ್ನು ಖಂಡಿತ ತಗ್ಗಿಸುತ್ತವೆ. ಸ್ಪೀಕರುಗಳಿಗೆ ಧ್ವನಿ ಹಂಚುವ ಯಂತ್ರದ ಮೆನುವಿಗೆ ಕೈ ಹಾಕುವ ಮೊದಲೇ ಅರ್ಧ ಕೆಲಸ ಆಗಿತ್ತು.

ಮೆನುವಿನಲ್ಲಿ ನೋಡಿದರೆ ಎಲ್ಲ ಸ್ಪೀಕರುಗಳಿಗೂ ಒಂದೇ ದೂರ ನಮೂದಾಗಿತ್ತು. ಧ್ವನಿ ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುವುದರಿಂದ ಒಂದು ಮೀಟರ್ ವ್ಯತ್ಯಾಸಕ್ಕೆ ಹತ್ತಿರಹತ್ತಿರ 3 ಮಿಲಿಸೆಕೆಂಡು ತಡವಾಗುತ್ತದೆ. ನಮ್ಮಲ್ಲಿ ಮುಂದಿನ ಸ್ಪೀಕರು 3.1 ಮೀಟರ್ ದೂರದಲ್ಲಿದ್ದರೆ, ಸುತ್ತಲಿನ ಶಬ್ದ ಕೊಡುವ ಬಲಗಡೆಯ ಸರೌಂಡ್ ಸ್ಪೀಕರು ಕೇವಲ 1.2 ಮೀಟರಿನಲ್ಲಿದೆ. ಎಲ್ಲ ಸ್ಪೀಕರುಗಳ ಧ್ವನಿಯೂ ಒಟ್ಟಿಗೆ ಕಿವಿ ಮುಟ್ಟಲೆಂದು, ಅಳತೆಯ ಮೈಕನ್ನು ಕುರ್ಚಿಯ ಮೇಲೆ ಕಿವಿಯ ಎತ್ತರಕ್ಕೆ ನಿಲ್ಲಿಸಿ, ಫ್ಯಾನು ಆರಿಸಿ, ಯಂತ್ರದಿಂದಲೇ ಅಳತೆ ಮಾಡಿಸಿದೆ. ಅದು ಸಬ್‌ವೂಫರಿನ ದೂರವನ್ನು ಟೇಪಿನ ಅಳತೆಗಿಂತ ಹೆಚ್ಚು ತೋರಿಸಿತು. ಸಬ್‌ವೂಫರಿನ ಒಳಗಿನ ಸರ್ಕ್ಯೂಟು ಮಾಡುವ ವಿಳಂಬವೂ ಅದರಲ್ಲಿ ಸೇರಿರುವುದರಿಂದ ಆ ಅಂಕಿಯನ್ನು ತಿದ್ದದೆ ಹಾಗೆಯೇ ಬಿಟ್ಟೆ. ಕ್ರಾಸ್‌ಓವರನ್ನು 80 ಹರ್ಟ್ಸಿಗೆ, ಅಂದರೆ ಅದಕ್ಕಿಂತ ತಗ್ಗಿನ ಧ್ವನಿ ಸಬ್‌ವೂಫರಿಗೆ ಹೋಗುವಂತೆ, ಇಟ್ಟು, ನಡುವಿನ ಸ್ಪೀಕರನ್ನು ಮಾತ್ರ 3 ಡೆಸಿಬಲ್ ಏರಿಸಿದೆ. ರಾತ್ರಿ ನೋಡುವಾಗ ಗಟ್ಟಿ ಶಬ್ದಕ್ಕೂ ಮೆಲುದನಿಗೂ ಇರುವ ಅಂತರವನ್ನು ಕುಗ್ಗಿಸುವ ನೈಟ್ ಮೋಡ್ ಇರಲಿ ಎಂದು ಅಪ್ಪನಿಗೆ ರಿಮೋಟಿನ ಆ ಗುಂಡಿಯನ್ನು ತೋರಿಸಿಕೊಟ್ಟೆ.

ಸಬ್‌ವೂಫರಿಗೆ ಜಾಗ ಹುಡುಕುವುದರಲ್ಲಿ, ಈ ಅಳತೆಗೂ ಮುಂಚೆ, ಮಧ್ಯಾಹ್ನವೆಲ್ಲ ಕಳೆದಿತ್ತು. ಅದನ್ನು ಕೇಳುಗರ ಕುರ್ಚಿಯ ಮೇಲಿಟ್ಟು, ಗೋಡೆಯುದ್ದಕ್ಕೂ ನಾನೇ ಬಗ್ಗಿ ಕೇಳುತ್ತ ಹೋಗಿ, ಎಲ್ಲಿ ಧ್ವನಿ ಸಮವಾಗಿದೆಯೋ ಅಲ್ಲಿ ಅದನ್ನು ತಂದಿಡುವುದು ಹಳೆಯ ಉಪಾಯ. ಪರೀಕ್ಷೆಗೆ ತಬಲಾ ಜೋಡಿಯಲ್ಲಿ ತಗ್ಗು ನಾದದ ಡಗ್ಗಾಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ: ಅಂಗೈ ಒತ್ತಿ ಜಾರಿಸಿದಾಗ ಏರುವ ಆ ನಾದದ ಪ್ರತಿ ಹಂತವೂ ಒಂದೇ ತೂಕದಲ್ಲಿ ಕೇಳಬೇಕು. ಮೂಲೆಯಲ್ಲಿ ಒಂದೇ ಹಂತ ಉಬ್ಬಿ ಉಳಿದವು ಅಡಗುತ್ತಿದ್ದವು. ಬಾಗಿಲಿನಿಂದ ಎರಡು ಮೊಳ ಈಚೆಗೆ ತಂದಾಗ ಸರಿಹೋಯಿತು.

ಚಿತ್ರಕ್ಕೆ ಇಷ್ಟು ಹೊತ್ತು ಬೇಕಾಗಲಿಲ್ಲ. ಅಂಗಡಿಯ ಬೆಳಕಿಗೆಂದೇ ಇರುವ ವಿವಿಡ್ ಮೋಡನ್ನು ತೆಗೆದು ಸಿನಿಮಾ ಮೋಡಿಗೆ, ಬಣ್ಣದ ತಾಪವನ್ನು 6500 ಕೆಲ್ವಿನ್ನಿಗೆ ಸಮೀಪವಿರುವ ವಾರ್ಮ್‌ಗೆ ತಂದೆ, ಶಾರ್ಪ್‌ನೆಸ್ ಇಳಿಸಿದೆ. ಸೆಕೆಂಡಿಗೆ 24 ಚೌಕಟ್ಟುಗಳಲ್ಲಿ ತೆಗೆದ ಸಿನಿಮಾಕ್ಕೆ ಟೀವಿ ತಾನೇ ನಡುವಿನ ಚೌಕಟ್ಟುಗಳನ್ನು ಹುಟ್ಟಿಸಿ ಸೇರಿಸುವುದನ್ನು ನಿಲ್ಲಿಸಿದೆ. ಈ ಸಂಸ್ಕರಣೆ ಕಡಿಮೆಯಾದದ್ದರಿಂದ ಚಿತ್ರ ಹಿಂದೆ ಬೀಳುವುದೂ ಕಡಿಮೆಯಾಗಿ, ತುಟಿಗಿಂತ ಮುಂಚೆ ಮಾತು ಬರುವ ದೋಷ ತಾನಾಗಿಯೇ ಹೋಯಿತು.

ಒಂದು ವಿಷಯದಲ್ಲಿ ಮಾತ್ರ ನಾನು ರಾಜಿಯಾಗುವುದಿಲ್ಲ. ಧಾರವಾಡ ಆಕಾಶವಾಣಿ ಆರಂಭವಾದ 1950ರಿಂದ ಈಚೆಗಿನ ಎಷ್ಟೋ ಗಾಯನಗಳನ್ನು ಈ ಊರಿನ ಮನೆಗಳು ಒಂದೇ ಸ್ಪೀಕರಿನ ರೇಡಿಯೋದಲ್ಲಿ ಕೇಳಿವೆ. ಮಲ್ಲಿಕಾರ್ಜುನ ಮನ್ಸೂರರ ಹಳೆಯ ಮೊನೊ ಧ್ವನಿಮುದ್ರಣಕ್ಕೆ 'ಹಾಲ್' ಎಂಬ ಕೃತಕ ಪ್ರತಿಧ್ವನಿಯನ್ನು ಹಚ್ಚಿದರೆ ತಾನಪುರದ ಎಳೆ ಕಲಸಿಹೋಗಿ, ವೇಗದ ತಾನಿನ ಸ್ವರಗಳು ಒಂದರ ಮೇಲೊಂದು ಬೀಳುತ್ತವೆ. ಸಂಗೀತಕ್ಕೆಂದು, ಇಂಥ ಸಂಸ್ಕರಣೆಯನ್ನು ಸೇರಿಸದ ಡೈರೆಕ್ಟ್ ಮೋಡನ್ನು ಬೇರೆಯಾಗಿ ಉಳಿಸಿ, ಅದಕ್ಕೆ ಬೇರೆ ಗುಂಡಿ ಕೊಟ್ಟೆ.

ಸಂಜೆ ಅಪ್ಪ ಒಂದು ಸಿನಿಮಾ ಹಾಕಿ ಅರ್ಧ ಗಂಟೆ ಸುಮ್ಮನೆ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, "ಈಗ ಮಾತು ಛಂದ ಕೇಳಸ್ತಾವ ನೋಡಪಾ" ಎಂದರು. ಧ್ವನಿಯ ಅಂಕಿ ನಿನ್ನೆಗಿಂತ ಎಂಟು ಹೆಜ್ಜೆ ಕೆಳಗಿತ್ತು. ಎಂಟು ಗಂಟೆಗೆ ಮತ್ತೆ ಮಳೆ ಶುರುವಾದಾಗ ಅವರು ಎರಡು ಹೆಜ್ಜೆ ಏರಿಸಿಕೊಂಡರು.