ಕಾಗುಣಿತ ಬಾಯಿಗೆ ಬರುತ್ತೆ, ಓದು ಬರಲ್ಲ

ನಾನು ಬಿ.ಐ.ಇ.ಆರ್.ಟಿ. ಅಂದರೆ ಬಿ.ಆರ್.ಸಿ. (ಕ್ಷೇತ್ರ ಸಂಪನ್ಮೂಲ ಕೇಂದ್ರ) ಕಚೇರಿಯಿಂದ ತಾಲ್ಲೂಕಿನ ಶಾಲೆಗಳಿಗೆ ಹೋಗಿ, ವಿಶೇಷ ಅಗತ್ಯವುಳ್ಳ ಮಕ್ಕಳ ಕಲಿಕೆ ನೋಡಿಕೊಳ್ಳುವ ಸಂಪನ್ಮೂಲ ಶಿಕ್ಷಕಿ. ವೈದ್ಯಕೀಯ ಶಿಬಿರ, ಅಂಗವಿಕಲರ ಗುರುತಿನ ಯುಡಿಐಡಿ ಕಾರ್ಡು, ಗಾಲಿಕುರ್ಚಿಯ ಅರ್ಜಿ, ಶಾಲೆಗೆ ಬರಲಾಗದ ಮಕ್ಕಳ ಮನೆ ಭೇಟಿ, ಇಷ್ಟರಲ್ಲೇ ವಾರ ಕಳೆದುಹೋಗುತ್ತದೆ. ಶಾಲೆಗೆ ಹೋದಾಗ ಮೇಷ್ಟ್ರುಗಳು ನನ್ನ ಮುಂದೆ ತಂದು ಕೂರಿಸುವುದು ಕಣ್ಣಿಗೆ ಕಾಣುವ ತೊಂದರೆಯಿರುವ ಮಕ್ಕಳನ್ನು. ಡಿಸ್ಲೆಕ್ಸಿಯಾ, ಅಂದರೆ ಬುದ್ಧಿ ಇದ್ದೂ ಓದು-ಬರಹ ಹತ್ತದ ತೊಂದರೆ, ಇರುವ ಹುಡುಗನನ್ನು ಯಾರೂ ಕರೆತರುವುದಿಲ್ಲ. ಅವನು ಕೊನೇ ಸಾಲಿನಲ್ಲಿ ಕೂತು, ಲೆಕ್ಕವನ್ನು ಬಾಯಲ್ಲೇ ಮಾಡಿ, ಕಬಡ್ಡಿಗೆ ಮೊದಲು ಎದ್ದು ಓಡುವವನು. ಕೇಳಿದರೆ "ಬುದ್ಧಿ ಇದೆ ಮೇಡಂ, ಓದಿನ ಕಡೆ ಗಮನ ಇಲ್ಲ ಅಷ್ಟೆ" ಅನ್ನುತ್ತಾರೆ. ಈ ಮಾತು ಕಿವಿಗೆ ಬಿದ್ದರೆ ನಾನು ಆ ಮಗುವಿನ ಪಕ್ಕ ಹೋಗಿ ಕೂರುತ್ತೇನೆ.

ನೋಟ್‌ಬುಕ್ ತೆರೆದರೆ ಎಷ್ಟೋ ಸಲ ದುಂಡಾದ ಅಕ್ಷರ. ಬೋರ್ಡ್ ನೋಡಿ ಬರೆಯುವುದಕ್ಕೆ ಓದು ಬೇಕಿಲ್ಲ, ಚಿತ್ರ ಬರೆದಂತೆ ಬರೆಯಬಹುದು. ಹಾಗಾಗಿ ನಾನು ನೋಟ್‌ಬುಕ್ ಮುಚ್ಚಿಟ್ಟು ಉಕ್ತಲೇಖನ ಕೊಡುತ್ತೇನೆ. ಆಮೇಲೆ ಕಾಗುಣಿತ ಹೇಳಿಸುತ್ತೇನೆ. "ಕ ತಲಕಟ್ಟು ಕ, ಕ ಇಳಿ ಕಾ, ಕ ಗುಡಿಸು ಕಿ" ಎಂದು ರಾಗವಾಗಿ ಕಡೇತನಕ ಬರುತ್ತದೆ. ಈಗ ಬಿಡಿ ಚೀಟಿಯಲ್ಲಿ 'ಕೆ' ಬರೆದು ತೋರಿಸಿದರೆ ಹುಡುಗ ಸುಮ್ಮನಾಗುತ್ತಾನೆ. ತುಟಿ ಮಾತ್ರ ಅಲ್ಲಾಡುತ್ತಿರುತ್ತದೆ: ಕ, ಕಾ, ಕಿ, ಕೀ... ಮೊದಲಿನಿಂದ ರಾಗ ಹಾಕಿಕೊಂಡು ಬಂದು 'ಕೆ' ಮುಟ್ಟಬೇಕು. ಹೀಗೆ ಒಂದೊಂದು ಅಕ್ಷರಕ್ಕೂ ರಾಗದ ಬುಡಕ್ಕೆ ಹೋಗಿ ಬರುವವನು ಒಂದು ಸಾಲು ಓದುವಷ್ಟರಲ್ಲಿ ಸಾಲಿನ ಅರ್ಥ ಎಲ್ಲೋ ಬಿದ್ದುಹೋಗಿರುತ್ತದೆ.

ತೊಂದರೆ ಕಣ್ಣಿನದಲ್ಲ. ಅಕ್ಷರಗಳು ತಿರುಗುಮುರುಗಾಗಿ ಕಾಣುತ್ತವೆ ಅಂತ ಓದಿಕೊಂಡು ಬಣ್ಣದ ಕನ್ನಡಕ ಕೊಡಿಸಲು ಹೊರಟ ಪೋಷಕರನ್ನು ನಾನು ತಡೆದಿದ್ದೇನೆ. ಕೇಳಿದ ಮಾತನ್ನು ಸಣ್ಣ ಸಣ್ಣ ಸದ್ದುಗಳಾಗಿ ಬಿಡಿಸುವುದು, ಆ ಸದ್ದನ್ನು ಗುರುತಿಗೆ ಅಂಟಿಸುವುದು, ನೋಡಿದ ತಕ್ಷಣ ಅದನ್ನು ಬಾಯಿಗೆ ತರುವುದು, ಡಿಸ್ಲೆಕ್ಸಿಯಾ ಇರುವ ಹೆಚ್ಚಿನ ಮಕ್ಕಳಿಗೆ ಕಷ್ಟವಾಗುವುದು ಇವು. ಜಾಣತನಕ್ಕೂ ಇದಕ್ಕೂ ಸಂಬಂಧವಿಲ್ಲ.

ಕನ್ನಡ ಬರೆದಂತೆ ಓದುವ ಭಾಷೆ, ಇಲ್ಲಿ ಡಿಸ್ಲೆಕ್ಸಿಯಾ ಹೇಗೆ ಬಂತು ಎಂದು ಶಿಕ್ಷಕರೇ ಕೇಳುತ್ತಾರೆ. ಅಕ್ಷರಕ್ಕೆ ಒಂದೇ ಉಚ್ಚಾರ ಎನ್ನುವುದು ನಿಜ, ಆದರೆ ಕಲಿಯಬೇಕಾದ ಗುರುತುಗಳು ರಾಶಿ. ವರ್ಣಮಾಲೆಯಲ್ಲಿ 49 ಅಕ್ಷರ ಅಂತ ನಾವು ಲೆಕ್ಕ ಹಾಕುತ್ತೇವೆ. ಮಗುವಿನ ಕಣ್ಣಿಗೆ 34 ವ್ಯಂಜನ ಒಂದೊಂದೂ ಕಾಗುಣಿತ ಹೊತ್ತು 500ರ ಹತ್ತಿರ ಆಗುತ್ತದೆ, ಅದರ ಮೇಲೆ ಒತ್ತಕ್ಷರ ಬೇರೆ. ಬೆಂಗಳೂರಿನಲ್ಲಿ ಕೆಲಸ ಮಾಡಿದ ಸೊನಾಲಿ ನಾಗ್ ಅವರು ಕನ್ನಡ ಓದುವ ಮಕ್ಕಳನ್ನು ಕುರಿತು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಕ್ಷರ ಕಲಿಕೆ ನಾಲ್ಕನೇ ತರಗತಿವರೆಗೂ ನಡೆಯುತ್ತಲೇ ಇರುವುದನ್ನು ತೋರಿಸಿದ್ದಾರೆ. ಅದೂ ತೊಂದರೆ ಇಲ್ಲದ ಮಕ್ಕಳಲ್ಲಿ. ಅದಕ್ಕೇ ನಮ್ಮಲ್ಲಿ ಡಿಸ್ಲೆಕ್ಸಿಯಾ ಬೇಗ ಬಯಲಾಗುವುದಿಲ್ಲ. ಒಂದು, ಎರಡನೇ ತರಗತಿ 'ಮರ', 'ಸರ', 'ಗಸಗಸೆ'ಯಲ್ಲಿ ದಾಟಿಹೋಗುತ್ತದೆ. ಮೂರು, ನಾಲ್ಕಕ್ಕೆ ಬಂದಾಗ ಮಗು ನಿಂತುಬಿಡುತ್ತದೆ.

ಹಾಗಂತ ಓದಲು ತಡವರಿಸುವವರೆಲ್ಲ ಡಿಸ್ಲೆಕ್ಸಿಯಾದವರಲ್ಲ. ಮೊದಲು ಕಣ್ಣು, ಕಿವಿ ಪರೀಕ್ಷೆ. ಆಮೇಲೆ ಹಾಜರಾತಿ ಪುಸ್ತಕ. ಮನೆಯಲ್ಲಿ ಉರ್ದು, ತೆಲುಗು, ಲಂಬಾಣಿ ಮಾತಾಡುವ ಮಗುವಿಗೆ ಕನ್ನಡದ ಪದವೇ ಹೊಸದಿರಬಹುದು. ನಮ್ಮ ಕಡೆ 'ಹಾಲು' ಬಾಯಲ್ಲಿ 'ಆಲು' ಆಗುತ್ತದೆ, ಮಗು ತಾನು ಆಡಿದಂತೆ ಬರೆದರೆ ಅದು ಕಾಯಿಲೆಯಲ್ಲ. ಬ-ಭ, ದ-ಧ ಅದಲುಬದಲು ಮಾಡುವುದನ್ನು ನಾನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಮಹಾಪ್ರಾಣ ತಪ್ಪುವವರನ್ನೆಲ್ಲ ನನ್ನ ಪಟ್ಟಿಗೆ ಸೇರಿಸಿದರೆ ಬಿ.ಆರ್.ಸಿ. ಕಚೇರಿಯಲ್ಲೇ ಅರ್ಧ ಪಟ್ಟಿ ತುಂಬುತ್ತದೆ.

ಇನ್ನು ಕಲಿಸುವ ವಿಚಾರ. ಓದು ಬರದ ಮಗುವನ್ನು ಎಲ್ಲರೂ ಮೊದಲು ಕಳಿಸುವುದು 'ಅ ಆ ಇ ಈ'ಗೆ ವಾಪಸ್ಸು. ಹತ್ತು ಸಲ ತಿದ್ದಿಸುತ್ತಾರೆ. ನಾಲ್ಕನೇ ತರಗತಿಯ ಹುಡುಗನಿಗೆ ಅದು ಅವಮಾನವೂ ಹೌದು, ದಂಡವೂ ಹೌದು. ಅವನಿಗೆ ಮೂಲಾಕ್ಷರ ಹೆಚ್ಚುಕಡಿಮೆ ಗೊತ್ತಿರುತ್ತದೆ, ಅಕ್ಷರದ ಒಳಗಿನ ಸದ್ದು ಗೊತ್ತಿರುವುದಿಲ್ಲ. ನಾನು ಶುರುಮಾಡುವುದು ಪುಸ್ತಕವೇ ಇಲ್ಲದೆ, ಬಾಯಾಟದಿಂದ. 'ಕಮಲ'ದಲ್ಲಿ 'ಕ' ತೆಗೆದರೆ ಏನು ಉಳಿಯಿತು ಎಂದು ಕೇಳಿದರೆ ಇಡೀ ತರಗತಿ ಬಿದ್ದು ಬಿದ್ದು ನಗುತ್ತದೆ. ಬೇಕೆಂದೇ ಆ ಪದ ಇಟ್ಟುಕೊಂಡಿದ್ದೇನೆ.

ಅಕ್ಷರ ಬಿಡಿಸುವುದು ಬಂದ ಮೇಲೆ ಸ್ವರ ಬದಲಿಸುವ ಆಟ. ಕಾಲು, ಕೀಲು, ಕೋಲು. ಬಲೆ, ಬೆಲೆ. ಹಲ್ಲು, ಹುಲ್ಲು. ಹಳೆ, ಹಾಳೆ. ಮೊದಲು ಕೇಳಿ ಹೇಳಬೇಕು, ಆಮೇಲೆ ಚೀಟಿ. ವ್ಯಂಜನ ಕಪ್ಪು ಬಣ್ಣದಲ್ಲಿ, ಇಳಿ, ಗುಡಿಸು, ಕೊಂಬು, ಏತ್ವಗಳೆಲ್ಲ ಕೆಂಪಿನಲ್ಲಿ. ಮಗು ಕೆಂಪನ್ನು ನೋಡಿ ಬಾಯಿ ಹೇಗೆ ತೆರೆಯಬೇಕೆಂದು ಹೇಳಬೇಕು. 'ಕ'ಕಾರದಲ್ಲಿ ಗುಡಿಸು ಗಟ್ಟಿಯಾದರೆ ಅದೇ ಗುಡಿಸು 'ಮ'ಕ್ಕೂ 'ತ'ಕ್ಕೂ ಆಗುತ್ತದೆ ಎಂದು ಬಾಯಿಬಿಟ್ಟು ಹೇಳಿಕೊಡಬೇಕಾಗುತ್ತದೆ. ಬೇರೆ ಮಕ್ಕಳು ಇದನ್ನು ತಾವೇ ಕಂಡುಕೊಳ್ಳುತ್ತಾರೆ, ಇವರು ಕಂಡುಕೊಳ್ಳುವುದಿಲ್ಲ. ರಾಗ ಮುರಿಯಲೆಂದೇ ನಾನು ಕಾಗುಣಿತವನ್ನು ಸಾಲಾಗಿ ಹೇಳಿಸುವುದಿಲ್ಲ, ಚೀಟಿಗಳನ್ನು ಇಸ್ಪೀಟಿನ ಹಾಗೆ ಕಲೆಸಿ ಹಾಕುತ್ತೇನೆ.

ಒತ್ತಕ್ಷರ ಅದಕ್ಕಿಂತ ಕಷ್ಟ. 'ಕ್ರಿಕೆಟ್' ಬರೆಯಲು ಹೇಳಿ ನೋಡಿ. ಕಿವಿಗೆ ಬೀಳುವ ಕ್ರಮ ಕ್, ರ್, ಇ. ಕೈ ಬರೆಯುವ ಕ್ರಮ ಮೊದಲು 'ಕಿ', ಆಮೇಲೆ ಕೆಳಗೆ ರ ಒತ್ತು. ಸದ್ದು ಒಂದು ದಾರಿ, ಬರಹ ಇನ್ನೊಂದು ದಾರಿ. 'ಕಿಕೆಟ್', 'ಕಿರಿಕೆಟ್' ಎಂದು ಬರೆದವನು ಸದ್ದನ್ನು ಹಿಡಿಯಲು ಹೆಣಗಿದ್ದಾನೆ, ಅಜಾಗರೂಕತೆಯಿಂದ ಬರೆದದ್ದಲ್ಲ. ಅರ್ಕಾವತ್ತು ಇನ್ನೂ ವಿಚಿತ್ರ: 'ಸೂರ್ಯ'ದಲ್ಲಿ ಮೊದಲು ಕೇಳುವ ರ್ ಬರಹದಲ್ಲಿ 'ಯ' ಆದಮೇಲೆ ಬರುತ್ತದೆ. 'ಸೂಯ್ರ' ಎಂದು ಬರೆಯುವ ಮಕ್ಕಳು ಎಲ್ಲ ಶಾಲೆಯಲ್ಲೂ ಸಿಗುತ್ತಾರೆ. ಇಂಥವರಿಗೆ ನಾನು 'ರ' ಬರೆದು ಕೆಳಗೆ ಯ ಒತ್ತು ಕೊಡಲು ಬಿಡುತ್ತೇನೆ. ಹಳೆಯ ಕೆಲವರು ಈಗಲೂ ಹಾಗೆ ಬರೆಯುತ್ತಾರೆ, ಕಿವಿಗೂ ಅದೇ ಕ್ರಮ. ಅದಕ್ಕೆ ಅಂಕ ಕಳೆಯಬೇಡಿ ಎಂದು ತರಗತಿ ಶಿಕ್ಷಕರಿಗೆ ಹೇಳಿ ಬರುತ್ತೇನೆ, ಕೆಲವರು ಒಪ್ಪುತ್ತಾರೆ.

ಒತ್ತುಗಳನ್ನು ಒಟ್ಟಿಗೆ ಸುರಿಯುವುದಿಲ್ಲ. ಅಕ್ಕ, ಅಜ್ಜ, ಹಬ್ಬ ಮುಂತಾದವುಗಳಲ್ಲಿ ಒತ್ತು ಮೂಲಾಕ್ಷರದ್ದೇ ಸಣ್ಣ ರೂಪ, ಮೊದಲು ಅವು. ತ, ನ, ಮ, ಯ, ರ, ಲ ಒತ್ತುಗಳು ಮೂಲಾಕ್ಷರವನ್ನು ಹೋಲುವುದಿಲ್ಲ. ಅವನ್ನು ಹೊಸ ಗುರುತಾಗಿಯೇ, ಒಂದೊಂದಾಗಿ, ಮೊರದಲ್ಲಿ ಹರಡಿದ ರಾಗಿಯ ಮೇಲೆ ಬೆರಳಲ್ಲಿ ಬರೆಸಿ, ಬರೆಯುವಾಗಲೇ ಸದ್ದು ಹೇಳಿಸಿ ಕಲಿಸಬೇಕು. ನೋಡಿ, ಕೇಳಿ, ತಿದ್ದಿ, ಹೇಳಿ ಒಟ್ಟಿಗೆ ಕಲಿಯುವ ಈ ಕ್ರಮ ಹೊರದೇಶದ ಪುಸ್ತಕಗಳಲ್ಲಿ ಆರ್ಟನ್ ಮತ್ತು ಗಿಲ್ಲಿಂಗ್‌ಹ್ಯಾಮ್ ಹೆಸರಿನಲ್ಲಿದೆ. ಅವರು 1930ರ ದಶಕದಲ್ಲಿ ಇಂಗ್ಲಿಷಿಗಾಗಿ ಕಟ್ಟಿದ್ದು. ಅದರ ಪಾಠಪಟ್ಟಿಯನ್ನು ಕನ್ನಡಕ್ಕೆ ಇದ್ದಹಾಗೇ ತಂದರೆ ಉಪಯೋಗವಿಲ್ಲ, ಅಲ್ಲಿ ಗುಣಿತವೂ ಇಲ್ಲ, ಒತ್ತೂ ಇಲ್ಲ.

ಸರ್ಕಾರಿ ಶಾಲೆಯ ಚಿಕ್ಕ ತರಗತಿಗಳಲ್ಲಿ ಆಡುತ್ತಾ ಕಲಿಸುವ ನಲಿ-ಕಲಿಯ ಬಗ್ಗೆ ಒಂದು ಮಾತು. ಎಚ್.ಡಿ. ಕೋಟೆಯಲ್ಲಿ 1995ರಲ್ಲಿ ಶುರುವಾದ ಈ ಪದ್ಧತಿ ವರ್ಣಮಾಲೆಯ ಕ್ರಮ ಬಿಟ್ಟು 'ರ ಗ ಸ ದ ಅ', 'ಜ ವ ಮ ಬ ನ' ಎಂದು ಬರೆಯಲು ಸುಲಭವಾಗುವಂತೆ ಅಕ್ಷರ ಜೋಡಿಸಿತು. ಬಹುಪಾಲು ಮಕ್ಕಳಿಗೆ ಒಳ್ಳೆಯದೇ ಆಯಿತು, ನಾನು ಅದರ ಪರ. ಆದರೆ ನನ್ನ ಮಕ್ಕಳಿಗೆ 'ವ', 'ಮ' ಅಕ್ಕಪಕ್ಕ ಕೂತರೆ ಎರಡೂ ಕಲಸಿಹೋಗುತ್ತವೆ. ಅವರಿಗೆ 'ವ' ಪೂರ್ತಿ ಗಟ್ಟಿಯಾಗುವ ತನಕ 'ಮ'ದ ಚೀಟಿ ಬ್ಯಾಗಿನಿಂದ ಹೊರಗೆ ಬರುವುದಿಲ್ಲ.

ಮನೆಯವರಿಗೆ ಹೇಳುವುದು ಕಡಿಮೆ: ದಿನಾ ಒಂದು 15 ನಿಮಿಷ, ಊಟಕ್ಕೆ ಮುಂಚೆ, ಕಾಪಿ ಬರೆಸುವುದು ಬೇಡ. ಪಾಠವನ್ನು ನೀವು ಓದಿ ಹೇಳಿ, ವಿಷಯ ತಪ್ಪಿಹೋಗಬಾರದು. ಶಿಕ್ಷಕರಲ್ಲಿ ಕೇಳಿಕೊಳ್ಳುವುದು, ತರಗತಿಯಲ್ಲಿ ಎಬ್ಬಿಸಿ ದಿಢೀರನೆ ಓದಿಸಬೇಡಿ, ಓದಿಸಲೇಬೇಕಾದರೆ ಯಾವ ಪ್ಯಾರಾ ಅಂತ ಹಿಂದಿನ ದಿನವೇ ಹೇಳಿ. ಇಂಗ್ಲಿಷ್ ಮೀಡಿಯಂಗೆ ಹಾಕಿದರೆ ಸರಿಹೋಗುತ್ತಾ ಎಂದು ಕೇಳುವ ಪೋಷಕರಿಗೆ ನೇರವಾಗಿಯೇ 'ಇಲ್ಲ' ಅನ್ನುತ್ತೇನೆ. ಬರೆದಂತೆ ಓದದ ಭಾಷೆಯಲ್ಲಿ ಇದೇ ತೊಂದರೆ ಇಮ್ಮಡಿಯಾಗುತ್ತದೆ.

ಕಾಗದಪತ್ರದ ಸಂಗತಿಯೂ ಇದೆ. 1995ರ ಅಂಗವಿಕಲರ ಕಾಯ್ದೆಯಲ್ಲಿ ಡಿಸ್ಲೆಕ್ಸಿಯಾ ಸೇರುವ ಕಲಿಕಾ ನ್ಯೂನತೆಯ ಹೆಸರೇ ಇರಲಿಲ್ಲ. 2016ರ ಕಾಯ್ದೆಯ 21 ವಿಧಗಳಲ್ಲಿ ಅದು ಸೇರಿತು. ಪ್ರಮಾಣಪತ್ರದಲ್ಲಿ ಶೇ 40 ಅಥವಾ ಹೆಚ್ಚು ಎಂದಿದ್ದರೆ ಪರೀಕ್ಷೆಯಲ್ಲಿ ಬರೆದುಕೊಡುವವರ ನೆರವು, ಗಂಟೆಗೆ 20 ನಿಮಿಷ ಹೆಚ್ಚು ಸಮಯ ಕೇಳಬಹುದು. ನಾನು ಮಕ್ಕಳನ್ನು ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಕಳಿಸುತ್ತೇನೆ, ಬೆಂಗಳೂರು ಹತ್ತಿರವಿದ್ದವರು ನಿಮ್ಹಾನ್ಸ್‌ಗೆ ಹೋಗುತ್ತಾರೆ. ಆದರೆ 2018ರ ಮಾರ್ಗಸೂಚಿ ಪ್ರಮಾಣಪತ್ರಕ್ಕೆ 8 ವರ್ಷ ತುಂಬಿರಬೇಕು ಎಂದಿತು. ಅದನ್ನೇ ನೆಪಮಾಡಿ ಅಲ್ಲಿಯವರೆಗೆ ಕೈಕಟ್ಟಿ ಕೂರುವವರು ಬಹಳ. ಪಾಠಕ್ಕೆ ಪ್ರಮಾಣಪತ್ರ ಬೇಕಿಲ್ಲ.

ಹುಡುಗನ ವಿಚಾರ ಮಾತಾಡಲು ಕರೆದಾಗ ಎಷ್ಟೋ ಸಲ ಅಪ್ಪ ಮೆಲ್ಲಗೆ ಹೇಳುತ್ತಾನೆ: "ನನಗೂ ಹಿಂಗೇ ಆಗ್ತಿತ್ತು ಮೇಡಂ, ಏಳನೇ ಕ್ಲಾಸಿಗೆ ಬಿಟ್ಟುಬಿಟ್ಟೆ." ಇದು ವಂಶದಲ್ಲಿ ಹರಿದುಬರುವುದು ಹೌದು. ಆಗ ನನ್ನ ಮುಂದಿನ ಪ್ರಶ್ನೆ ಹುಡುಗನ ಬಗ್ಗೆ ಅಲ್ಲ, ಅವನ ತಮ್ಮತಂಗಿಯರ ಬಗ್ಗೆ. ಅಂಗನವಾಡಿಗೆ ಹೋಗುವ ತಂಗಿ ಇದ್ದರೆ ಅವಳ ಜೊತೆ ಪ್ರಾಸದ ಆಟ, ಅಂತ್ಯಾಕ್ಷರಿ, ಪದ ಒಡೆಯುವ ಆಟ ಈಗಲೇ ಶುರುವಾಗಲಿ ಎಂದು ಕಾರ್ಯಕರ್ತೆಗೆ ಹೇಳುತ್ತೇನೆ. ಬರುವ ವರ್ಷ ಅವಳು ಸೇರಲಿರುವ ಶಾಲೆಯ ನಲಿ-ಕಲಿ ಟೀಚರಿಗೂ ಹೆಸರು ಬರೆದುಕೊಟ್ಟು ಬರುತ್ತೇನೆ.