111ನೇ ರೆಜಿಮೆಂಟಿನ ಗುಂಡಿ

ಲಿಥುವೇನಿಯಾದ ವಿಲ್ನಿಯಸ್‌ಗೆ ಹೋದವರಿಗೆಲ್ಲ ಗೈಡುಗಳು ಸಂತ ಆನ್ ಚರ್ಚು ತೋರಿಸಿ, ಇದನ್ನು ಅಂಗೈಮೇಲಿಟ್ಟುಕೊಂಡು ಪ್ಯಾರಿಸ್ಸಿಗೆ ಒಯ್ಯಬೇಕೆಂದು ನೆಪೋಲಿಯನ್ ಆಸೆಪಟ್ಟಿದ್ದನಂತೆ ಎಂಬ ಕತೆ ಹೇಳುತ್ತಾರೆ. ನನಗೂ ಹೇಳಿದರು. ನಾನು ಹೋದದ್ದು ಮಾತ್ರ ಅವನ ಸಿಪಾಯಿಗಳ ಕೋಟಿನ ಗುಂಡಿಗಳ ಜಾಡು ಹಿಡಿದು.

ಮೊದಲು ಊರಿನ ಉತ್ತರಕ್ಕಿರುವ ಬಡಾವಣೆಗೆ ಬಸ್ಸು ಹತ್ತಿದೆ. ಒಂದು ಕಾಲಕ್ಕೆ ಸೋವಿಯತ್ ಸೇನೆಯ ಬ್ಯಾರಕ್ಕುಗಳಿದ್ದ ಜಾಗ. ಈಗ ಬರೀ ಅಪಾರ್ಟ್‌ಮೆಂಟು, ಅಂಗಡಿ. ನೋಡುವಂಥದ್ದೇನೂ ಇಲ್ಲ. 2001ರಲ್ಲಿ ಇಲ್ಲಿ ಕಟ್ಟಡಕ್ಕೆಂದು ನೆಲ ಅಗೆದಾಗ ರಾಶಿ ರಾಶಿ ಮೂಳೆ ಎದ್ದು ಬಂತು. ಸ್ಟಾಲಿನ್ ಕಾಲದ ಹತ್ಯೆಯೋ, ನಾಜಿಗಳದೋ ಎಂಬ ಗುಮಾನಿ ಮೊದಲು. ಆದರೆ ಮೂಳೆಗಳ ನಡುವೆ ನೆಪೋಲಿಯನ್ ಕಾಲದ ನಾಣ್ಯಗಳೂ ರೆಜಿಮೆಂಟಿನ ಅಂಕಿ ಕೊರೆದ ಕೋಟಿನ ಗುಂಡಿಗಳೂ ಸಿಕ್ಕವು. 1812ರ ಡಿಸೆಂಬರಿನಲ್ಲಿ ಮಾಸ್ಕೋದಿಂದ ಹಿಮ್ಮೆಟ್ಟಿ ಬಂದು ಚಳಿ, ಹಸಿವು, ಜ್ವರಗಳಿಗೆ ಸತ್ತ ಮೂರು ಸಾವಿರಕ್ಕೂ ಹೆಚ್ಚು ಮಂದಿ. ನೆಲ ಹೆಪ್ಪುಗಟ್ಟಿತ್ತು, ಹೊಸ ಗೋರಿ ತೋಡುವಂತಿರಲಿಲ್ಲ. ಅದೇ ಬೇಸಿಗೆಯಲ್ಲಿ ಫ್ರೆಂಚರೇ ರಕ್ಷಣೆಗೆಂದು ತೋಡಿದ್ದರೆನ್ನಲಾದ ಕಂದಕಕ್ಕೆ ಹೆಣಗಳನ್ನು ಎಳೆದು ಹಾಕಿದ್ದರು. 2003ರಲ್ಲಿ ಅವರನ್ನು ಅಂತಾಕಲ್ನಿಸ್ ಸ್ಮಶಾನದಲ್ಲಿ ಮತ್ತೆ ಮಣ್ಣು ಮಾಡಲಾಯಿತು.

ಹಳೇ ಪೇಟೆಯ ಪುರಾತನ ವಸ್ತುಗಳ ಅಂಗಡಿಯೊಂದರಲ್ಲಿ ಅಂಥದೊಂದು ಗುಂಡಿ ಕೈಗೆ ಸಿಕ್ಕಿತು. ಹಿತ್ತಾಳೆಯದು, ಹಸಿರು ಕಿಲುಬು ಹಿಡಿದಿತ್ತು. ನಡುವೆ 111, ಸುತ್ತ ಒಂದು ಬಳೆಯಂಥ ಗೆರೆ, ಹಿಂದೆ ದಾರ ಪೋಣಿಸುವ ಕೊಂಡಿ. ಹಳದಿ ಲೋಹವೆಂದರೆ ಲೈನ್ ಪದಾತಿದಳ, ಅಂದರೆ ಸಾಲುಗಟ್ಟಿ ಕಾದುವ ಕಾಲಾಳುಗಳು. ಹಗುರ ಪದಾತಿದಳಕ್ಕೆ ಬಿಳಿ ಲೋಹ. ಫಿರಂಗಿದಳದವರಿಗೆ ಅಡ್ಡಡ್ಡ ಇಟ್ಟ ಎರಡು ಫಿರಂಗಿ, ಚಕ್ರವರ್ತಿಯ ಗಾರ್ಡ್ ಪಡೆಗೆ ಹದ್ದು. ತವರದ ಗುಂಡಿಗಳು ಚಳಿಗೆ ಪುಡಿಯಾಗಿ ಸೇನೆ ಸೋತಿತೆಂಬ ಜನಪ್ರಿಯ ಕತೆಯನ್ನು ನಂಬುವವರು ಈ ಹಿತ್ತಾಳೆಯನ್ನೊಮ್ಮೆ ಉಗುರಿನಿಂದ ಕೆರೆದು ನೋಡಬೇಕು.

ಎಲ್ಲಿ ಸಿಕ್ಕಿದ್ದೆಂದು ಕೇಳಿದರೆ ಅಂಗಡಿಯಾತ ಭುಜ ಕುಣಿಸಿದ. ನಾನು ಕೊಳ್ಳಲಿಲ್ಲ. ಮೆಟಲ್ ಡಿಟೆಕ್ಟರ್ ಹಿಡಿದು ಯಾವುದೋ ಹೊಲದಿಂದ ಕಿತ್ತು ಮಾರುವವರು ಗುಂಡಿಯ ಅರ್ಧ ಚರಿತ್ರೆಯನ್ನು ಆ ಹೊಲದಲ್ಲೇ ಬಿಟ್ಟು ಬರುತ್ತಾರೆ.

ಉಳಿದರ್ಧ ಪ್ಯಾರಿಸ್ಸಿನ ಅಂಚಿನ ವಿನ್ಸೆನ್ ಕೋಟೆಯಲ್ಲಿದೆ. ಮೆಟ್ರೊ ಒಂದನೇ ಲೈನಿನ ಕೊನೆಯ ನಿಲ್ದಾಣ. ಫ್ರೆಂಚ್ ಸೇನೆಯ ಹಳೆಯ ದಾಖಲೆಗಳ ಮುಖ್ಯ ಭಂಡಾರ ಇರುವುದು ಅಲ್ಲಿಯೇ. ನೆಪೋಲಿಯನ್ ಕಾಲದ ಪದಾತಿದಳದ ರಿಜಿಸ್ಟರುಗಳನ್ನು ಈಗ ಆನ್‌ಲೈನಿನಲ್ಲೂ ನೋಡಬಹುದು. ಒಬ್ಬೊಬ್ಬನಿಗೂ ನಂಬರು, ಹೆಸರು, ಅಪ್ಪ-ಅಮ್ಮ, ಹುಟ್ಟೂರು, ಎತ್ತರ, ಕಣ್ಣಿನ ಬಣ್ಣ, ಮೂಗಿನ ಆಕಾರ. 111ನೇ ರೆಜಿಮೆಂಟ್ ಕಟ್ಟಿದ್ದು ಪೀಡ್‌ಮಾಂಟ್ ಪ್ರಾಂತದ ಜನರಿಂದ. ಎಂದರೆ ಈಗಿನ ಇಟಲಿಯ ಟೂರಿನ್ ಸುತ್ತಿನವರು. ಹಾಗೆಯೇ 123ರಿಂದ 126ರವರೆಗಿನ ಅಂಕಿ ಕಂಡರೆ ಹಾಲೆಂಡಿನತ್ತ, 127ರಿಂದ 129 ಆದರೆ ಉತ್ತರ ಜರ್ಮನಿಯತ್ತ ಹುಡುಕಬೇಕು. 'ಫ್ರೆಂಚ್ ಸಿಪಾಯಿಯ ಗುಂಡಿ' ಎಂದು ಬೆಲೆಚೀಟಿ ಅಂಟಿಸಿದವನಿಗೆ ಇದೆಲ್ಲ ಏಕೆ ಬೇಕು!

ಆದರೂ ಅಂಕಿ ಹೇಳುವುದು ಕೋಟಿನ ವಿಷಯ, ತೊಟ್ಟವನದಲ್ಲ. ಹಿಮ್ಮೆಟ್ಟುವಾಗ ಸತ್ತವನ ಕೋಟು ಬದುಕಿದ್ದವನ ಮೈಮೇಲಿತ್ತು. ಹೆಂಗಸರ ತುಪ್ಪಳದ ಮೇಲಂಗಿ ಹೊದ್ದು ನಡೆದವರೂ ಇದ್ದರು. 111 ಅಂಕಿಯ ಕೋಟಿನೊಳಗೆ ಜರ್ಮನಿಯ ಬವೇರಿಯಾದವನೊಬ್ಬ ಸತ್ತಿದ್ದರೆ ಯಾವ ರಿಜಿಸ್ಟರೂ ಅದನ್ನು ಹೇಳದು.